ಕಾಫಿ ಕಣಕ್ಕೆ ಬರುವ ಸಿಪಿಲೆ

ಪ್ರಶ್ನೆ: ಮೂಡಿಗೆರೆ ಸಮೀಪದ ನಮ್ಮ ತೋಟದ ಕಾಫಿ ಕಣಕ್ಕೆ ಪ್ರತಿ ವರ್ಷ ಗಣೇಶನ ಹಬ್ಬದ ಆಸುಪಾಸಿನಲ್ಲಿ ಹಳದಿ ಹೊಟ್ಟೆಯ, ಉದ್ದ ಬಾಲ ಕುಣಿಸುವ ಸಣ್ಣ ಹಕ್ಕಿಯೊಂದು ಬರುತ್ತದೆ. ಕೆಲಸದವರು ಅದನ್ನು ಕುಂಡೆಕುಸ್ಕ ಎನ್ನುತ್ತಾರೆ. ಯಾವಾಗಲೂ ಒಂಟಿ, ಜೀಪಿನ ಕನ್ನಡಿಯನ್ನು ಬಿಡದೆ ಕುಕ್ಕುತ್ತದೆ. ಏಪ್ರಿಲ್ ಕಳೆಯುವುದರೊಳಗೆ ಕಾಣೆಯಾಗುತ್ತದೆ. ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇವೆ. ಬರುವುದು ಅದೇ ಹಕ್ಕಿಯೇ? ಇಲ್ಲೇಕೆ ಗೂಡು ಕಟ್ಟುವುದಿಲ್ಲ?

ಉತ್ತರ: ನಿಮ್ಮ ವಿವರಣೆಗೆ ಸರಿಹೊಂದುವುದು ಬೂದು ಸಿಪಿಲೆ. ಬೆನ್ನು ಬೂದು, ಹೊಟ್ಟೆ ಮತ್ತು ಬಾಲದ ಬುಡ ಹಳದಿ. ತೂಕ ಇಪ್ಪತ್ತು ಗ್ರಾಂ ಆಸುಪಾಸು. ವರ್ಷವಿಡೀ ಇಲ್ಲಿಯೇ ಇದ್ದು ಕೆರೆಯಂಚಿನಲ್ಲಿ ಓಡಾಡುವ ಕಪ್ಪುಬಿಳುಪಿನ ದೊಡ್ಡ ಸಿಪಿಲೆ ಬೇರೆ. ಕಾಫಿ ಗಿಡಗಳ ನೆರಳಿನಲ್ಲಿ ತರಗೆಲೆ ಕೆದಕುವ ಕಾಡು ಸಿಪಿಲೆಯೂ ನಿಮ್ಮ ತೋಟಕ್ಕೆ ಚಳಿಗಾಲದ ಅತಿಥಿಯೇ. ಆದರೆ ಅದು ಬಾಲವನ್ನು ಮೇಲೆ ಕೆಳಗೆ ಆಡಿಸದೆ ಅಕ್ಕಪಕ್ಕಕ್ಕೆ ತೂಗುತ್ತದೆ. ಅದೊಂದನ್ನು ಗಮನಿಸಿದರೆ ಇವೆರಡನ್ನು ಗುರುತಿಸುವುದರಲ್ಲಿ ಎಂದೂ ತಪ್ಪಾಗದು.

ಇಪ್ಪತ್ತು ವರ್ಷವೂ ಒಂದೇ ಹಕ್ಕಿ ಬಂದಿರಲಾರದು, ಏಕೆಂದರೆ ಇಷ್ಟು ಸಣ್ಣ ಹಕ್ಕಿಗಳ ಆಯುಸ್ಸು ಕೆಲವೇ ವರ್ಷಗಳದ್ದು. ಆದರೆ ಹಿಂದಿನ ವರ್ಷ ಬಂದದ್ದೇ ಈ ವರ್ಷವೂ ಬಂದಿರುವ ಸಾಧ್ಯತೆ ಬಹಳವಾಗಿದೆ. ಕಾಲಿಗೆ ಸಂಖ್ಯೆಯಿರುವ ಹಗುರವಾದ ಉಂಗುರ ತೊಡಿಸಿ ಹಕ್ಕಿಗಳನ್ನು ಗುರುತಿಸುವ ಕೆಲಸವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1920ರ ದಶಕದಲ್ಲೇ ನಮ್ಮ ದೇಶದಲ್ಲಿ ಆರಂಭಿಸಿತು. ಹೀಗೆ ಉಂಗುರ ತೊಟ್ಟ ಸಿಪಿಲೆಗಳು ಚಳಿಗಾಲದಲ್ಲಿ ತಾವು ಹಿಂದೆ ಇದ್ದ ಜಾಗಕ್ಕೇ ಮರಳುವುದು ಕಂಡುಬಂದಿದೆ. ಹಳೆಯದು ಸತ್ತರೆ ತೆರವಾದ ಒಳ್ಳೆಯ ಜಾಗವನ್ನು ಮತ್ತೊಂದು ಹಿಡಿಯುತ್ತದೆ. ಹಾಗಾಗಿ ನಿಮ್ಮ ಕಣ ಖಾಲಿ ಉಳಿದಿಲ್ಲ.

ಕನ್ನಡಿಯ ಜಗಳಕ್ಕೂ ಇದೇ ಕಾರಣ. ಬೂದು ಸಿಪಿಲೆ ಚಳಿಗಾಲದಲ್ಲಿ ತನ್ನ ಮೇವಿನ ಜಾಗವನ್ನು ಒಂಟಿಯಾಗಿ ಕಾಯುತ್ತದೆ, ತನ್ನದೇ ಜಾತಿಯ ಇನ್ನೊಂದು ಬಂದರೆ ಚೂಪಾದ ದನಿಯಲ್ಲಿ ಕೂಗುತ್ತ ಅಟ್ಟಿಸಿಕೊಂಡು ಹೋಗುತ್ತದೆ. ಕನ್ನಡಿಯಲ್ಲಿ ಕಾಣುವ ಎದುರಾಳಿ ಮಾತ್ರ ಎಷ್ಟು ಕುಕ್ಕಿದರೂ ಓಡುವುದಿಲ್ಲ. ಮೇಯಬೇಕಾದ ಹೊತ್ತೆಲ್ಲ ಹೀಗೆ ವ್ಯರ್ಥವಾಗಿ ಹಕ್ಕಿ ಬಳಲುತ್ತದೆ. ಜೀಪು ನಿಲ್ಲಿಸಿದಾಗ ಕನ್ನಡಿಗೆ ಒಂದು ಬಟ್ಟೆಯ ಚೀಲ ಕಟ್ಟಿ. ದಯವಿಟ್ಟು ಇದನ್ನು ಮರೆಯಬೇಡಿ.

ಬಾಲ ಕುಣಿಸುವುದರ ಬಗ್ಗೆ ಹಲವು ವಿವರಣೆಗಳಿವೆ. ‘ನಾನು ಎಚ್ಚರವಾಗಿದ್ದೇನೆ’ ಎಂದು ಬೇಟೆಗಾರ ಹಕ್ಕಿಗೆ ತಿಳಿಸುವ ಸಂಜ್ಞೆ ಅದು ಎಂಬುದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಇಲ್ಲಿ ಗೂಡು ಕಟ್ಟದಿರುವುದಕ್ಕೆ ಕಾರಣ, ಅದರ ತವರು ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ದೂರದಲ್ಲಿದೆ. ಹಿಮಾಲಯದಲ್ಲಿ ಮತ್ತು ಅದರಾಚೆಯ ಮಧ್ಯ ಏಷ್ಯಾ, ಸೈಬೀರಿಯಾಗಳಲ್ಲಿ ರಭಸವಾಗಿ ಹರಿಯುವ ತೊರೆಗಳ ಬದಿಯ ಬಂಡೆಯ ಸಂದಿಯಲ್ಲೋ ಬೇರುಗಳ ನಡುವೆಯೋ ಅದು ಗೂಡು ಮಾಡಿ, ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಎರಡು ವಾರ ಕಾವು, ಮತ್ತೆರಡು ವಾರ ಮರಿಗಳ ಪೋಷಣೆ. ಎರಡರಲ್ಲೂ ಗಂಡು ಹೆಣ್ಣು ಕೈಜೋಡಿಸುತ್ತವೆ. ಆ ತೊರೆಗಳ ಬದಿಯಲ್ಲಿ ಚಳಿ ಏರಿ ಹುಳುಗಳು ಕಡಿಮೆಯಾದಾಗ ಅದು ದಕ್ಷಿಣಕ್ಕೆ ಹೊರಡುತ್ತದೆ. ಮಲೆನಾಡಿನ ಹಳ್ಳಗಳು ಆಗ ಮಳೆಗಾಲ ಮುಗಿಸಿ ತಿಳಿಯಾಗುತ್ತಿರುತ್ತವೆ. ತೋಟದ ಕೆಳಗಿನ ಹಳ್ಳವನ್ನು ಬೆಳಿಗ್ಗೆ ಒಮ್ಮೆ ನೋಡಿ: ಕಣದ ಹಕ್ಕಿ ಅಲ್ಲಿಯೂ ಕಲ್ಲಿನಿಂದ ಕಲ್ಲಿಗೆ ಹಾರುತ್ತ, ನೀರಿನಂಚಿನ ಹುಳುಗಳನ್ನು ಆಯುತ್ತಿರಬಹುದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕೊಳೆನೀರು ಹಳ್ಳಕ್ಕೆ ಸೇರಿದರೆ ನೀರಿನ ಆಮ್ಲಜನಕ ಕುಗ್ಗಿ ಆ ಹುಳುಗಳೇ ಸಾಯುತ್ತವೆ. ಆ ನೀರನ್ನು ಗುಂಡಿಗಳಲ್ಲಿ ನಿಲ್ಲಿಸಿ ಶುದ್ಧಗೊಳಿಸುವ ಮೊದಲು ಹಳ್ಳಕ್ಕೆ ಬಿಡಬಾರದೆಂಬ ನನ್ನ ಒತ್ತಾಯ ಈ ಹಕ್ಕಿಯ ಕಾರಣಕ್ಕೂ ಹೌದು.

ಫೆಬ್ರವರಿ ಕೊನೆಯಿಂದ ಅದರ ಗಂಟಲನ್ನು ಗಮನಿಸಿ. ಚಳಿಗಾಲವಿಡೀ ಬೆಳ್ಳಗಿದ್ದ ಗಂಟಲಿನಲ್ಲಿ ಮೊದಲು ಮಸಿ ಚಿಮುಕಿಸಿದಂತೆ ಚುಕ್ಕೆಗಳು ಮೂಡಿ, ಬಳಿಕ ಅವು ಕೂಡಿಕೊಂಡು ಇಡೀ ಗಂಟಲು ಕಪ್ಪಾದರೆ ಅದು ಗಂಡು. ಹೊಟ್ಟೆಯ ಹಳದಿಯೂ ಆಗ ಗಾಢವಾಗುತ್ತದೆ. ಹಗಲು ದೀರ್ಘವಾದಂತೆ ದೇಹದಲ್ಲಿ ಕೊಬ್ಬು ಕೂಡಿಸಿಕೊಂಡು ಅದು ಪಯಣಕ್ಕೆ ಸಿದ್ಧವಾಗುವ ಕಾಲವದು. ಅದು ಕೊನೆಯದಾಗಿ ಕಂಡ ದಿನವನ್ನೂ ಮತ್ತೆ ಮೊದಲು ಕಂಡ ದಿನವನ್ನೂ ತೋಟದ ಮಳೆ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ.