ಜೆಂಬೆ ಕಲಿಯುವವರು ಕುಣಿತಕ್ಕೂ ನಿಲ್ಲಬೇಕಾ?

ಜೆಂಬೆ (ಕೈಯಿಂದ ಬಾರಿಸುವ ಆಫ್ರಿಕಾದ ಚರ್ಮವಾದ್ಯ) ಬಾರಿಸೋಕೆ ಮಾತ್ರ ಸೇರಿದ್ದೇನೆ, ಕಾರ್ಯಾಗಾರದ ಕುಣಿತಕ್ಕೂ ನಿಲ್ಲಬೇಕಾ ಅಂತ ಕೇಳಿದ್ದೀರಿ. ಖಂಡಿತ ನಿಲ್ಲಿ. ಪಶ್ಚಿಮ ಆಫ್ರಿಕಾದ ಗಿನಿ, ಮಾಲಿ ಕಡೆಯ ಮಾಂದೆ ಜನರಲ್ಲಿ ಇವೆರಡು ಬೇರೆ ಬೇರೆ ಅಲ್ಲವೇ ಅಲ್ಲ. ಮುಖ್ಯ ಜೆಂಬೆಯವರು ಕುಣಿಯುವವರ ಕಾಲು ನೋಡುತ್ತಾ ಬಾರಿಸುತ್ತಾರೆ, ಹೆಜ್ಜೆ ಬದಲಾಗಬೇಕಾದಾಗ ಒಂದು ಚಿಕ್ಕ ಪೆಟ್ಟುಗಳ ಸಾಲು ಕೊಟ್ಟು ಕರೆಯುತ್ತಾರೆ, ಆ ಕರೆಗೆ ಒಮ್ಮೆ ಮೈ ತಿರುಗಿಸಿದವರಿಗೆ ಅದು ಎಲ್ಲಿ ಬೀಳುತ್ತದೆ ಅನ್ನೋದು ಎಣಿಸದೇ ಗೊತ್ತಾಗಿಬಿಡುತ್ತದೆ. ಕಸ್ಸಾ ಕಲಿಸುತ್ತಿದ್ದಾರಾ? ಅದು ಗಿನಿಯಲ್ಲಿ ಹೊಲದ ಕೆಲಸದವರಿಗಾಗಿ ಬಾರಿಸುತ್ತಿದ್ದ ತಾಳ. ಸುಮ್ನೆ ಕೂತು ಕೇಳುವ ಸಂಗೀತ ಅಲ್ಲ. 1950ರ ದಶಕದಲ್ಲಿ ಗಿನಿಯ ಫೊದೆಬಾ ಕೇಟಾ ಕಟ್ಟಿದ ಲೆ ಬ್ಯಾಲೆ ಆಫ್ರಿಕೇನ್ ನೃತ್ಯತಂಡ ಜೆಂಬೆಯನ್ನು ಹೊರಜಗತ್ತಿಗೆ ತೋರಿಸಿದ್ದೂ ಕುಣಿತದ ಜೊತೆಗೇ.

ತಾಳ ಕೈಬಿಟ್ಟುಹೋಗುತ್ತೆ ಅಂದಿರಲ್ಲ, ಆಗ ಪಕ್ಕದವರ ಕೈ ನೋಡಬೇಡಿ. ಜೆಂಬೆಯ ಜೊತೆಗೆ ಕೋಲಿನಿಂದ ಬಾರಿಸುವ ದುನ್‌ದುನ್ ಎಂಬ ಡೋಲುಗಳಿಗೆ ಕಿವಿ ಕೊಡಿ. ಕೆಂಕೆನಿ ಚಿಕ್ಕದು, ಸಂಗ್‌ಬಾನ್ ನಡುವಿನದು, ದುನುನ್‌ಬಾ ದೊಡ್ಡದು. ನನ್ನ ಪ್ರಕಾರ ಮೊದಲು ಹಿಡಿಯಬೇಕಾದ್ದು ಸಂಗ್‌ಬಾನ್, ಯಾವ ತಾಳ ಅನ್ನೋದು ಹೆಚ್ಚಾಗಿ ಅದರಲ್ಲೇ ಗೊತ್ತಾಗುತ್ತದೆ. ಬಾರಿಸುವಾಗ ಉಂಗುರ ತೆಗೆದಿಡಿ, ಜೆಂಬೆಯದು ಆಡಿನ ಚರ್ಮ, ಬೆರಳಿಗೂ ಏಟು, ಚರ್ಮಕ್ಕೂ ಏಟು.