ಓದುಗರ ಪ್ರಶ್ನೆ: ಚಾಲಕನಿಲ್ಲದ ಕಾರು ಯಾರನ್ನು ಉಳಿಸಬೇಕು?

ಪ್ರಶ್ನೆ: ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ಚಾಲಕನಿಲ್ಲದ ಕಾರಿನ ಎದುರು ಒಂದು ಬದಿಗೆ ಒಂದು ಮಗು, ಇನ್ನೊಂದು ಬದಿಗೆ ಇಬ್ಬರು ವೃದ್ಧರು ಇದ್ದು, ಯಾರಾದರೂ ಸಾಯಲೇಬೇಕಾದರೆ ಕಾರು ಯಾರನ್ನು ಉಳಿಸಬೇಕು ಎಂಬುದು ವಿಷಯ. ಎರಡೂ ಪಕ್ಷದ ವಾದ ಸರಿಯೆನಿಸಿತು. ಇದಕ್ಕೆ ಉತ್ತರವಿದೆಯೇ?
– ಓದುಗರು, ಸಿಂಧನೂರು

ಉತ್ತರ: ಇಂಗ್ಲೆಂಡಿನ ತತ್ತ್ವಜ್ಞಾನಿ ಫಿಲಿಪಾ ಫೂಟ್ 1967ರಲ್ಲೇ ಇಂಥದೊಂದು ಪ್ರಶ್ನೆ ಎತ್ತಿದ್ದರು: ಹಿಡಿತ ತಪ್ಪಿದ ಟ್ರಾಮ್ ಐವರ ಮೇಲೆ ಹರಿಯಲಿದ್ದಾಗ, ಒಬ್ಬನೇ ಇರುವ ಹಳಿಯತ್ತ ಅದನ್ನು ಹೊರಳಿಸಬಹುದೇ? ಇದನ್ನೇ ಕಾರಿಗೆ ಅನ್ವಯಿಸಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ‘ಮಾರಲ್ ಮೆಷೀನ್’ ಅಧ್ಯಯನ 2018ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಹಲವು ದೇಶಗಳ ಜನರಿಂದ ಸಂಗ್ರಹವಾದ ಸುಮಾರು 4 ಕೋಟಿ ತೀರ್ಮಾನಗಳಲ್ಲಿ ಕಿರಿಯರನ್ನು ಉಳಿಸುವ ಒಲವು ಒಟ್ಟಾರೆ ಕಂಡರೂ, ಜಪಾನ್, ತೈವಾನ್ ಮೊದಲಾದ ಪೂರ್ವದ ನಾಡುಗಳಲ್ಲಿ ಅದು ಸಾಕಷ್ಟು ಕಡಿಮೆಯಿತ್ತು. ಬಹುಮತ ಎಣಿಸಿ ಧರ್ಮ ನಿರ್ಣಯಿಸಲಾಗದು ಎಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ಇಂಥ ಕಾರುಗಳ ನೈತಿಕತೆ ಕುರಿತು ಜರ್ಮನಿ ಸರ್ಕಾರ ನೇಮಿಸಿದ್ದ ಆಯೋಗ 2017ರಲ್ಲಿ, ತಪ್ಪಿಸಲಾಗದ ಅಪಘಾತದಲ್ಲಿ ವಯಸ್ಸು, ಲಿಂಗ, ದೈಹಿಕ ಅಥವಾ ಮಾನಸಿಕ ಸ್ಥಿತಿಯನ್ನು ನೋಡಿ ಮನುಷ್ಯರ ನಡುವೆ ಭೇದ ಮಾಡಕೂಡದೆಂದು ಹೇಳಿತು. ನಾನು ಈ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಆದರೆ ಜೀವದ ತೀರ್ಮಾನ ನಿಜವಾಗಿ ಆಗುವುದು ಆ ಕೊನೆಯ ಕ್ಷಣದಲ್ಲಲ್ಲ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ, ಊಬರ್ ಕಂಪನಿಯ ಪರೀಕ್ಷಾರ್ಥ ಸ್ವಯಂಚಾಲಿತ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಬಡಿದು ಅವರು ಮೃತಪಟ್ಟರು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ, ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಾರಿಗೆ ಅವರು ಕಂಡಿದ್ದರು. ಗಂಟೆಗೆ ಸುಮಾರು 70 ಕಿ.ಮೀ. ವೇಗದ ಕಾರಿಗೆ ಅದು 100 ಮೀಟರಿಗೂ ಹೆಚ್ಚಿನ ದೂರ; ನಿಲ್ಲಲು ಧಾರಾಳವಾಗಿ ಸಾಕು. ಆದರೆ ಯಂತ್ರವು ಅವರನ್ನು ಒಮ್ಮೆ ವಾಹನವೆಂದೂ, ಒಮ್ಮೆ ಬೇರೇನೋ ಎಂದೂ, ಮತ್ತೊಮ್ಮೆ ಸೈಕಲ್ ಎಂದೂ ಗುರುತಿಸುತ್ತ, ಗುರುತು ಬದಲಾದಾಗಲೆಲ್ಲ ಅವರು ಅದುವರೆಗೆ ಸಾಗಿ ಬಂದ ದಾರಿಯನ್ನು ಲೆಕ್ಕದಿಂದ ಬಿಡುತ್ತಿತ್ತು. ಜೀಬ್ರಾ ಪಟ್ಟೆಯಿಲ್ಲದ ಕಡೆ ಪಾದಚಾರಿ ರಸ್ತೆ ದಾಟಬಹುದೆಂಬ ಎಣಿಕೆಯೇ ಅದರ ವಿನ್ಯಾಸದಲ್ಲಿರಲಿಲ್ಲ. ಸುಳ್ಳು ಸೂಚನೆಗೆಲ್ಲ ಕಾರು ಹಠಾತ್ತನೆ ನಿಲ್ಲಬಾರದೆಂದು, ಅಪಾಯ ಕಂಡ ಮೇಲೂ ಒಂದು ಸೆಕೆಂಡು ಬ್ರೇಕನ್ನು ತಡೆಹಿಡಿಯುವ ಏರ್ಪಾಡೂ ಇತ್ತು. ಅಂದರೆ ಪಯಣದ ಸುಗಮತೆ ಮತ್ತು ನಡೆದು ಹೋಗುವವರ ಜೀವ, ಇವೆರಡರ ನಡುವಿನ ತೂಗುವಿಕೆ ಕಾರು ರಸ್ತೆಗಿಳಿಯುವ ಮೊದಲೇ ಕಚೇರಿಯ ಮೇಜಿನ ಮೇಲೆ ಮುಗಿದಿತ್ತು.

ಈಗ ನಮ್ಮ ರಸ್ತೆಗಳನ್ನು ನೆನೆಯಿರಿ. ಸಿಂಧನೂರು, ಮಾನ್ವಿ, ಗಂಗಾವತಿಯ ಸುತ್ತ ಸುಗ್ಗಿ ಬಂದರೆ ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಕಲ್ಲಿಟ್ಟು, ಪಕ್ಕದಲ್ಲೇ ರಾತ್ರಿ ಕಾವಲು ಮಲಗುವ ರೈತರಿದ್ದಾರೆ. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿಗಳಿವೆ. ಕಂಬಳಿ ಹೊದ್ದು ಹಿಂಡಿನ ನಡುವೆ ನಡೆಯುವ ಕುರಿಗಾಹಿಗಳಿದ್ದಾರೆ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಹೊರಟ ಪಾದಯಾತ್ರಿಗಳು ಬಿಸಿಲಿಗೆ ಅಂಜಿ ಇರುಳಲ್ಲೇ ಸಾಗುತ್ತಾರೆ. ಪಟ್ಟೆಯಿರುವಲ್ಲಿ ಮಾತ್ರ ಮನುಷ್ಯ ರಸ್ತೆ ದಾಟುತ್ತಾನೆಂದು ಕಲಿತ ಯಂತ್ರಕ್ಕೆ ಇವರಲ್ಲಿ ಒಬ್ಬರೂ ಲೆಕ್ಕಕ್ಕೆ ಸಿಗುವುದಿಲ್ಲ. ಮಗುವೋ ಮುದುಕರೋ ಎಂಬ ಆಯ್ಕೆಯ ಮಾತು ಬರಬೇಕಾದರೆ, ಮೊದಲು ಅವರು ಮನುಷ್ಯರೆಂದು ಕಾರಿಗೆ ಕಾಣಬೇಕಷ್ಟೆ. ಎದುರಿಗಿರುವುದು ಏನೆಂಬ ಅನುಮಾನ ಬಂದಾಗ ವೇಗ ತಗ್ಗಿಸಬೇಕು, ಅದರಿಂದ ಒಳಗೆ ಕುಳಿತವರಿಗೆ ತಡವಾದರೂ ಚಿಂತೆಯಿಲ್ಲ ಎಂಬುದನ್ನು ನಾನು ಮೊದಲ ನಿಯಮವಾಗಿ ಇಡುತ್ತೇನೆ. ಮುಂದಿನ ವರ್ಷ ಚರ್ಚೆಗೆ ಇದನ್ನೇ ಕೊಡಿ.

ಹಾಗೆಂದು ಯಂತ್ರವೇ ಬೇಡವೆನ್ನುವುದೂ ಸುಲಭವಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು. ಆ ವಾಹನಗಳನ್ನು ಓಡಿಸುತ್ತಿದ್ದವರು ಮನುಷ್ಯರೇ. ಯಂತ್ರ ಕುಡಿಯುವುದಿಲ್ಲ, ತೂಕಡಿಸುವುದಿಲ್ಲ.

ಪ್ರಶ್ನೆ: ನಾನು ಅದಿರಿನ ಲಾರಿ ಓಡಿಸುತ್ತೇನೆ. ಅಪಘಾತವಾದರೆ ಮೊದಲು ಹಿಡಿಯುವುದು ನಮ್ಮನ್ನೇ. ಕಾರು ತಾನೇ ಓಡಿ ಜೀವ ತೆಗೆದರೆ ಜೈಲಿಗೆ ಹೋಗುವವರು ಯಾರು?
– ಓದುಗರು, ತೋರಣಗಲ್ಲು

ಉತ್ತರ: ಮೇಲೆ ಹೇಳಿದ ಪ್ರಕರಣದಲ್ಲಿ ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲವೆಂದು ಅಲ್ಲಿನ ಸರ್ಕಾರಿ ವಕೀಲರು 2019ರಲ್ಲಿ ಹೇಳಿದರು. ಮೊಬೈಲ್ ನೋಡುತ್ತಿದ್ದರೆಂದು ತನಿಖೆಯಲ್ಲಿ ಕಂಡುಬಂದ, ಮೇಲ್ವಿಚಾರಣೆಗೆಂದು ಸೀಟಿನಲ್ಲಿದ್ದ ನೌಕರರು 2023ರಲ್ಲಿ ತಪ್ಪೊಪ್ಪಿಕೊಂಡರು. ಅವರಿಗೆ ಜೈಲಿನ ಬದಲು ಮೂರು ವರ್ಷಗಳ ನಿಗಾವಣೆ ವಿಧಿಸಲಾಯಿತು. ಅವರ ಅಲಕ್ಷ್ಯ ದೊಡ್ಡದೇ, ಆದರೆ ಬ್ರೇಕನ್ನು ತಡೆಹಿಡಿಯುವ ಏರ್ಪಾಡು ಮಾಡಿದವರು ಅವರಲ್ಲ. ನಿಮ್ಮ ಅನುಭವವೇ ಅಲ್ಲಿಯೂ ನಡೆದದ್ದು ನನಗೆ ನೋವುಂಟುಮಾಡುತ್ತದೆ. ಇಂಥ ಕಾರುಗಳು ಚಾಲಕರ ಕೆಲಸ ಕಸಿಯುತ್ತವೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ವಿರೋಧಿಸುತ್ತ ಬಂದಿದ್ದಾರೆ. ಮುಂದೊಂದು ದಿನ ಅನುಮತಿ ಕೊಡುವುದಾದರೆ, ಆ ಕಾನೂನಿನಲ್ಲಿ ವಿನ್ಯಾಸವನ್ನು ಒಪ್ಪಿದ ಕಂಪನಿಯ ಅಧಿಕಾರಿಗಳ ಹೊಣೆಯನ್ನು ಸ್ಪಷ್ಟವಾಗಿ ಬರೆಯಬೇಕು. ಕಾರಿನಲ್ಲಿ ದಾಖಲಾದ ಕೊನೆಯ ಕ್ಷಣಗಳ ಮಾಹಿತಿ ಕಂಪನಿಯ ಕೈಯಲ್ಲಷ್ಟೇ ಉಳಿಯದೆ, ಸತ್ತವರ ಮನೆಯವರಿಗೂ ನ್ಯಾಯಾಲಯಕ್ಕೂ ಸಿಗುವಂತಿರಬೇಕು.