ಓದುಗರ ಪ್ರಶ್ನೆ: 40 ಹುಡುಗರಿಗೆ 40 ವಿಎಂ ಹಂಚೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್, ನಾನು ಒಂದು ಡಿಪ್ಲೊಮಾ ಕಾಲೇಜಲ್ಲಿ ಕಂಪ್ಯೂಟರ್ ಲ್ಯಾಬ್ ನೋಡ್ಕೋತೀನಿ. ಹೋದ ವರ್ಷ 64 ಜಿಬಿ ರ್‍ಯಾಮ್ ಇರೋ ಸರ್ವರಿಗೆ ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರಲ್ಲಿ ಹಲವು ವಿಎಂ ನಡೆಸೋ ಸಾಫ್ಟ್‌ವೇರ್) ಹಾಕಿ 20 ಹುಡುಗರಿಗೆ ಒಂದೊಂದು ಲಿನಕ್ಸ್ ವಿಎಂ, ಅಂದ್ರೆ ಸರ್ವರೊಳಗೇ ನಡೆಯೋ ವರ್ಚುವಲ್ ಕಂಪ್ಯೂಟರ್, ಮಾಡ್ಕೊಟ್ಟೆ. ಅರ್ಜೆಂಟಲ್ಲಿ ಎಲ್ರಿಗೂ ಸರ್ವರಿನ ರೂಟ್ (ಎಲ್ಲಾ ಅಧಿಕಾರ ಇರೋ ಅಕೌಂಟು) ಪಾಸ್‌ವರ್ಡೇ ಹೇಳ್ಬಿಟ್ಟಿದ್ದೆ. ಒಬ್ಬ ತನ್ನದು ಅನ್ಕೊಂಡು ಪಕ್ಕದವನ ಮಷೀನ್ ಡಿಲೀಟ್ ಮಾಡ್ದ, ಪಾಪ ಅವನ ಪ್ರಾಜೆಕ್ಟ್ ಪೂರ್ತಿ ಹೋಯ್ತು. ಈ ಸಲ 40 ಜನ, ಎರಡು ಬ್ಯಾಚ್. ಯಾರಿಗೆ ಯಾವ ಮಷೀನು ಅಂತ ಹೇಗೆ ಕೊಡೋದು? ಪ್ರತಿ ಸೆಮಿಸ್ಟರ್ ಮೊದಲಿಂದ ಮಾಡ್ಬೇಕಾ?

ಉತ್ತರ: ಪ್ರಾಜೆಕ್ಟ್ ಹೋಯ್ತು ಅಂತ ಓದಿ ನಿಜಕ್ಕೂ ಬೇಜಾರಾಯ್ತು, ಆದ್ರೆ ಅದ್ರಲ್ಲಿ ಆ ಹುಡುಗನ ತಪ್ಪು ಏನೂ ಇಲ್ಲ. ಮಷೀನ್ ಮಾಡೋದು ಒಂದು ಕೆಲಸ, ಅದನ್ನ ಒಬ್ರ ಕೈಗೆ ಕೊಡೋದು ಬೇರೇನೇ ಕೆಲಸ, ಎರಡನ್ನೂ ಬೇರೆ ಬೇರೆ ಮಾಡ್ಬೇಕು.

ಮಾಡೋದು ಸುಲಭ. ಒಂದೇ ಒಂದು ವಿಎಂಗೆ ಉಬುಂಟು ಲಿನಕ್ಸ್ ಹಾಕಿ, ಲ್ಯಾಬಿಗೆ ಬೇಕಾದ್ದೆಲ್ಲ ಇನ್‌ಸ್ಟಾಲ್ ಮಾಡಿ ಟೆಂಪ್ಲೇಟ್ ಮಾಡ್ಬಿಡಿ. ಆಮೇಲೆ ಅದು ಬೂಟ್ ಆಗಲ್ಲ, ಅಚ್ಚಿನ ಥರ ಇರುತ್ತೆ ಅಷ್ಟೆ. ಅದರಿಂದ ಲಿಂಕ್ಡ್ ಕ್ಲೋನ್, ಅಂದ್ರೆ ಟೆಂಪ್ಲೇಟಿನ ಡಿಸ್ಕನ್ನೇ ಹಂಚ್ಕೊಳ್ಳೋ ನಕಲು, ತೆಗೀರಿ, ಡಿಸ್ಕಲ್ಲಿ ಹುಡುಗರು ಬದಲಾಯಿಸಿದ್ದು ಮಾತ್ರ ಕೂರುತ್ತೆ, ಹಾಗಾಗಿ ಜಾಗ ಬಹಳ ಉಳಿಯುತ್ತೆ, ಆದ್ರೆ ಕ್ಲೋನ್‌ಗಳು ಇರೋವರೆಗೂ ಆ ಟೆಂಪ್ಲೇಟ್ ಇರ್ಲೇಬೇಕು.

ಕೊಡೋದ್ರಲ್ಲೇ ಎಲ್ರೂ ಎಡವೋದು. ಸಾಮಾನ್ಯವಾಗಿ ಏನ್ ಮಾಡ್ತಾರೆ ಅಂದ್ರೆ 101ನೇ ವಿಎಂ ಮೇಲೆ ಒಬ್ಬ ಹುಡುಗನಿಗೆ ಪರ್ಮಿಶನ್ ಕೊಡ್ತಾರೆ, ಸೆಮಿಸ್ಟರ್ ಮುಗಿದ ಮೇಲೆ ಅದನ್ನ ಡಿಲೀಟ್ ಮಾಡಿ ಅದೇ ನಂಬರಲ್ಲಿ ಹೊಸದು ಮಾಡ್ತಾರೆ, ಆಗ ನೋಡಿದ್ರೆ ಹುಡುಗನಿಗೆ ಮಷೀನೇ ಕಾಣಲ್ಲ, ಯಾಕಂದ್ರೆ ವಿಎಂ ಅಳಿಸಿದಾಗ ಅದರ ಮೇಲಿದ್ದ ಪರ್ಮಿಶನ್ನೂ ಅದರ ಜೊತೆಗೇ ಹೋಗುತ್ತೆ. ಅದಕ್ಕೇ ಪರ್ಮಿಶನ್ ಮಷೀನಿಗೆ ಕೊಡ್ಬೇಡಿ, ಪೂಲಿಗೆ, ಅಂದ್ರೆ ಮಷೀನುಗಳನ್ನ ಸೇರಿಸಿಡೋ ಗುಂಪಿಗೆ, ಕೊಡಿ. ಒಬ್ಬೊಬ್ಬರ ರೋಲ್ ನಂಬರಿಗೆ ಒಂದೊಂದು ಪೂಲ್ ಮಾಡಿ, ಆ ಪೂಲ್ ಮೇಲೆ ಆ ಹುಡುಗನಿಗೆ ಪಿವಿಇವಿಎಂಯೂಸರ್ (PVEVMUser) ಅನ್ನೋ ರೋಲ್, ಅಂದ್ರೆ ಏನೇನು ಮಾಡ್ಬಹುದು ಅನ್ನೋ ಅಧಿಕಾರದ ಪಟ್ಟಿ, ಕೊಡಿ. ಆ ರೋಲಲ್ಲಿ ಆನ್ ಆಫ್ ಮಾಡ್ಬಹುದು, ಕನ್ಸೋಲ್ ತೆಗೀಬಹುದು, ಡಿಲೀಟ್ ಮಾಡೋಕೆ ಆಗಲ್ಲ, ಪಕ್ಕದವನದ್ದು ಲಿಸ್ಟಲ್ಲೇ ಬರಲ್ಲ. ಕ್ಲೋನ್ ಮಾಡೋವಾಗ ಪೂಲ್ ಯಾವ್ದು ಅಂತ ಅಲ್ಲೇ ಕೇಳುತ್ತೆ, ಅದನ್ನ ತುಂಬಿದ್ರೆ ಹೊಸ ಮಷೀನು ಹುಟ್ಟೋವಾಗಲೇ ಆ ಹುಡುಗನದ್ದಾಗಿರುತ್ತೆ, ಮುಂದಿನ ಸೆಮಿಸ್ಟರ್ ಮತ್ತೆ ಕ್ಲೋನ್ ಮಾಡಿದ್ರೆ ಸಾಕು. ಸರ್ವರಲ್ಲಿರೋ ಕ್ಯೂಎಂ ಕ್ಲೋನ್ (qm clone) ಕಮಾಂಡಿಗೂ ಪೂಲ್ ಹೆಸರು ಕೊಡಬಹುದು, ಒಂದು ಲೂಪ್ ಬರೆದ್ರೆ 40ನ್ನೂ ಅದೇ ಮಾಡಿ ಮುಗಿಸುತ್ತೆ.

ಲಾಗಿನ್ ಪೇಜಲ್ಲಿ, ಅಂದ್ರೆ 8006 ಪೋರ್ಟಲ್ಲಿ, ಅಕೌಂಟ್ ಯಾವ ಪಟ್ಟಿಯದು ಅಂತ ಹೇಳೋ ರೆಲ್ಮ್ ಅನ್ನೋ ಒಂದು ಡ್ರಾಪ್‌ಡೌನ್ ಇದೆ. ಹುಡುಗರ ಅಕೌಂಟನ್ನ ಪ್ರಾಕ್ಸ್‌ಮಾಕ್ಸ್‌ನದೇ ರೆಲ್ಮಲ್ಲಿ ಮಾಡಿ, ಲಾಗಿನ್ ಆಗೋವಾಗ ಅದನ್ನೇ ಆರಿಸೋಕೆ ಮೊದಲ ದಿನವೇ ಹೇಳಿ, ಪ್ಯಾಮ್ (ಸರ್ವರಿನ ಲಿನಕ್ಸ್ ಅಕೌಂಟುಗಳ ರೆಲ್ಮ್) ಅಂತ ಬಿಟ್ರೆ ಪಾಸ್‌ವರ್ಡ್ ಸರಿ ಇದ್ರೂ ಒಳಗೆ ಬಿಡಲ್ಲ. ರೂಟ್ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ.

ರ್‍ಯಾಮ್ ವಿಷಯ, ತಲಾ 2 ಜಿಬಿ ಅಂದ್ರೆ ಒಂದು ಬ್ಯಾಚಿಗೆ 40 ಜಿಬಿ, ಆರಾಮ. ಎರಡೂ ಬ್ಯಾಚ್ ಒಟ್ಟಿಗೆ ಆನ್ ಇದ್ರೆ 80 ಆಗುತ್ತೆ, ಪ್ರಾಕ್ಸ್‌ಮಾಕ್ಸ್ ಬೇಡ ಅನ್ನಲ್ಲ, ಆದ್ರೆ ಮೆಮೊರಿ ನಿಜವಾಗ್ಲೂ ತುಂಬಿದಾಗ ಯಾರದ್ದೋ ಮಷೀನು ಮಧ್ಯದಲ್ಲೇ ಸಾಯುತ್ತೆ. ಬ್ಯಾಚ್ ಮುಗಿದ ತಕ್ಷಣ ಶಟ್‌ಡೌನ್ ಮಾಡಿಸಿ. ಆಮೇಲೆ ದಯವಿಟ್ಟು ಒಂದು ಬ್ಯಾಕಪ್ ಜಾಬ್ ಹಾಕಿ, ಬೇರೆ ಡಿಸ್ಕಿಗೆ, ಎಲ್ಲಾ ವಿಎಂ ಅಂತ ಆರಿಸಿ, ಆಗ ಆಮೇಲೆ ಸೇರಿಸಿದ ಮಷೀನೂ ತಾನಾಗೇ ಸೇರ್ಕೊಳ್ಳುತ್ತೆ.

ಪ್ರಶ್ನೆ: ಕ್ಲೋನ್ ಮಾಡಿದ ಎರಡು ಉಬುಂಟು ಸರ್ವರಿಗೆ ಒಂದೇ ಐಪಿ ಬರ್ತಿದೆ. ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತು) ನೋಡಿದೆ, ಬೇರೆ ಬೇರೆನೇ ಇದೆ. ತಲೆ ಕೆಟ್ಟೋಗಿದೆ ಮೇಡಂ/ಸರ್.

ಉತ್ತರ: ಮ್ಯಾಕ್ ಕ್ಲೋನ್ ಆಗೋವಾಗ ಬದಲಾಗುತ್ತೆ, ಮಷೀನ್ ಐಡಿ, ಅಂದ್ರೆ ಉಬುಂಟು ತನಗೆ ಇಟ್ಕೊಂಡ ಗುರುತಿನ ನಂಬರ್, ಬದಲಾಗಲ್ಲ. ಉಬುಂಟು ಸರ್ವರ್ ಐಪಿ ಕೇಳೋವಾಗ ಆ ಐಡಿಯಿಂದ ಹುಟ್ಟಿದ ಗುರುತನ್ನ ಕೊಡುತ್ತೆ, ಹಾಗಾಗಿ ಐಪಿ ಹಂಚೋ ಡಿಎಚ್‌ಸಿಪಿ ಕಣ್ಣಿಗೆ ಇಬ್ರೂ ಒಬ್ರೇ. ಟೆಂಪ್ಲೇಟ್ ಮಾಡೋ ಮುಂಚೆ ಇಟಿಸಿ ಫೋಲ್ಡರಲ್ಲಿರೋ ಮಷೀನ್ ಐಡಿ ಫೈಲನ್ನ ಖಾಲಿ ಮಾಡಿ, ಫೈಲೇ ಅಳಿಸ್ಬೇಡಿ, ಆಮೇಲೆ ಆನ್ ಮಾಡದೇ ಟೆಂಪ್ಲೇಟ್ ಮಾಡಿ. ಈಗಾಗಲೇ ಆಗಿರೋ ಕ್ಲೋನಲ್ಲೂ ಅದೇ ಫೈಲ್ ಖಾಲಿ ಮಾಡಿ ರೀಬೂಟ್ ಕೊಟ್ರೆ ಬೇರೆ ಐಪಿ ಬರುತ್ತೆ.